ಇಬ್ಬರೂ ಸೇರಿ ನೂರಾ ನಾಲ್ಕು

ನಮ್ಮ ಮನೆಯ ತೂಕ ನೂರಾ ನಾಲ್ಕು ಕಿಲೋ. ಅದರಲ್ಲಿ ನನ್ನದು ಅರವತ್ಮೂರು, ನನ್ನ ಓರಗಿತ್ತಿ ಹೊನ್ನಮ್ಮನದು ನಲವತ್ತೊಂದು. ಅವಳು ಅರ್ಧ ಕಿಲೋ ಏರಬೇಕಾದರೆ ನಾನು ಅರ್ಧ ಕಿಲೋ ಇಳಿಯಬೇಕು. ನಾನು ಏರಿದರೆ ಅವಳು ಇಳಿಯುತ್ತಾಳೆ. ನಮ್ಮ ಊರಿನಲ್ಲಿ ಎಲ್ಲರ ಮನೆಯೂ ಹೀಗೆಯೇ. ಒಂದು ಸೂರಿನ ಕೆಳಗೆ ಇರುವವರ ತೂಕವನ್ನು ಕೂಡಿಸಿದರೆ ನಿನ್ನೆ ಎಷ್ಟಿತ್ತೋ ಇವತ್ತೂ ಅಷ್ಟೇ. ಸೊಸೆ ಬಂದರೆ ಅವಳ ತೂಕ ಅವಳ ಜೊತೆಗೆ ಬಂದು ಸೇರುತ್ತದೆ, ಮಗಳು ಹೊರಟರೆ ಅವಳದನ್ನು ಅವಳು ತೆಗೆದುಕೊಂಡು ಹೋಗುತ್ತಾಳೆ. ಮಿಕ್ಕ ಏರಿಳಿತವೆಲ್ಲ ಮನೆಯೊಳಗೇ ನಡೆಯಬೇಕು. ಹಾಗಾಗಿ ನಮ್ಮಲ್ಲಿ ಊಟಕ್ಕೆ ಕೂತವರು ತಮ್ಮ ತಟ್ಟೆಗಿಂತ ಪಕ್ಕದವರ ತಟ್ಟೆಯನ್ನೇ ಹೆಚ್ಚು ನೋಡುತ್ತಾರೆ. ಅತ್ತೆ ಸೊರಗಿದರೆ ಊರು ಸೊಸೆಯನ್ನು ನಿಲ್ಲಿಸಿ ಕೇಳುತ್ತದೆ. ಗಂಡನ ಹೊಟ್ಟೆ ಮುಂದೆ ಬಂದರೆ ಹೆಂಡತಿಯ ತವರಿನವರು ಮಾತನಾಡಿಸಲು ಬರುತ್ತಾರೆ. ಪ್ರತಿ ಬಚ್ಚಲುಮನೆಯಲ್ಲೂ ಒಂದು ತೂಕದ ಮಿಷೀನು ಇದೆ. ಮುಖ ತೊಳೆದ ಮೇಲೆ ಒಬ್ಬೊಬ್ಬರಾಗಿ ಅದರ ಮೇಲೆ ನಿಂತು ಬಂದ ಹೊರತು ಯಾರ ಮನೆಯಲ್ಲೂ ಒಲೆ ಉರಿಯುವುದಿಲ್ಲ.

ಸತ್ತವರ ತೂಕದ ವಿಷಯ ಬೇರೆ. ಅದು ಉಳಿದವರ ಮೇಲೆ ಬಂದು ಒಂದು ವರ್ಷ ಇರುತ್ತದೆ. ವರ್ಷದ ತಿಥಿಯ ಮರುದಿನ ಬೆಳಿಗ್ಗೆ ಹೊರಟುಹೋಗುತ್ತದೆ. ಹೊನ್ನಿಯ ಗಂಡ ಮೊದಲೇ ಹೋಗಿದ್ದ. ಆಮೇಲೆ ನನ್ನ ಯಜಮಾನರು ಹೋದಾಗ ಮನೆಯಲ್ಲಿ ನಾವಿಬ್ಬರೇ. ಹೆಂಡತಿಯ ಮೇಲೆ ಹೆಚ್ಚು ಬೀಳುವುದು ರೂಢಿ. ನನಗೆ ನಲವತ್ತು ಕಿಲೋ ಬಂತು, ಅವಳಿಗೆ ಮೂವತ್ತು. ನನ್ನ ಎರಡು ಮಂಡಿಗಳೂ ಕೆಟ್ಟದ್ದು ಆ ವರ್ಷವೇ. ದಿನಾ ಬೆಳಿಗ್ಗೆ ಹೊನ್ನಿ ತನ್ನ ಮೂವತ್ತು ಕಿಲೋ ಹೊತ್ತುಕೊಂಡೇ ನೆಲಕ್ಕೆ ಕೂತು ಹರಳೆಣ್ಣೆ ಬಿಸಿ ಮಾಡಿ ನನ್ನ ಮಂಡಿ ತಿಕ್ಕುತ್ತಿದ್ದಳು. ಆ ವರ್ಷ ಮುಗಿದ ಮೇಲೆ ನಾನು ಚಾವಡಿಯ ರಾತ್ರಿಶಾಲೆಗೆ ಸೇರಿದೆ. ಆಗ ನನಗೆ ಐವತ್ತಾರು. ಕೂಡುವ ಲೆಕ್ಕದಲ್ಲಿ ದಶಕ ಹಿಡಿಯುವುದನ್ನು ಕಲಿಯಲು ಏಳು ತಿಂಗಳು ಬೇಕಾಯಿತು. ಮೇಷ್ಟ್ರಿಗೆ ಬೇಜಾರು ಬಂದರೂ ನನಗೆ ಬರಲಿಲ್ಲ. ಹೊನ್ನಿಯನ್ನೂ ಕರೆದೆ. "ನೀನು ಕಲ್ತ್ರೆ ಆಯ್ತಲ್ಲಕ್ಕಯ್ಯ, ಒಂದು ಮನೆಗೆ ಎಷ್ಟು ಬುದ್ಧಿವಂತ್ರು ಬೇಕು?" ಅಂದು ಹೊದ್ದು ಮಲಗಿಬಿಟ್ಟಳು.

ಹೋದ ಮಾಘದಲ್ಲಿ ಹೊನ್ನಿಗೆ ಹೊಟ್ಟೆನೋವು ಶುರುವಾಯಿತು. ಬಂದಾಗ ಸೆರಗಿನ ತುದಿ ಕಚ್ಚಿಕೊಂಡು ಗೋಡೆಗೆ ಒರಗಿಬಿಡುವಳು. ಆಸ್ಪತ್ರೆಯ ಡಾಕ್ಟರಮ್ಮ ಫೋಟೋ ತೆಗೆಸಿ, ಪಿತ್ತಕೋಶದಲ್ಲಿ ಕಲ್ಲುಗಳಿವೆ, ತೆಗೆಯದೆ ಇದ್ದರೆ ಇನ್ನೊಂದು ಸಲ ಜೋರಾಗಿ ಬಂದಾಗ ಉಳಿಯುವುದು ಕಷ್ಟ ಎಂದರು. ಆದರೆ ಈ ತೂಕದಲ್ಲಿ ಕೊಯ್ಯುವುದಿಲ್ಲ ಎಂದೂ ಹೇಳಿದರು. "ನಲವತ್ತೈದು ಮಾಡಿಕೊಂಡು ಬನ್ನಿ. ಬೇಸಿಗೆ ಕಳೆಯೋದರೊಳಗೆ." ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಮನೇಲಿ ಇನ್ಯಾರಿದಾರೆ?" ಎಂದು ಕೇಳಿದರು. "ನಾನೊಬ್ಬಳೇ" ಅಂದೆ. "ಹಾಗಾದರೆ ನೀವು ಐವತ್ತೊಂಬತ್ತಕ್ಕೆ ಇಳೀಬೇಕು. ಗೊತ್ತಾಯ್ತಲ್ಲ?" ಅಂದರು.

ನನಗೆ ಗೊತ್ತಾಗಿತ್ತು. ಅಂದಿನಿಂದಲೇ ಹೊನ್ನಿಗೆ ಮುದ್ದೆಯ ಮೇಲೆ ತುಪ್ಪ, ಅವರೆಕಾಳಿನ ಸಾರು, ಕಡಲೆಬೀಜದ ಉಂಡೆ ಎಲ್ಲ ಶುರುವಾಯಿತು. ನಾನು ಅವಳ ಎದುರಿಗೆ ಬಡಿಸಿಕೊಳ್ಳುತ್ತಿದ್ದೆ. ಬೆಳಗಿನ ರೊಟ್ಟಿಯನ್ನು ಮಾತ್ರ ಸೆರಗಿನಲ್ಲಿ ಮುಚ್ಚಿಕೊಂಡು, ನುಗ್ಗೆಸೊಪ್ಪು ಕೀಳುವ ನೆಪದಲ್ಲಿ ಹಿತ್ತಲಿಗೆ ಹೋಗಿ, ಮೋಟುಗೋಡೆಯ ಆಚೆ ಕಟ್ಟಿದ್ದ ಪಕ್ಕದ ಮನೆ ಲಕ್ಕಮ್ಮನ ಎಮ್ಮೆಗೆ ಹಾಕಿ ಬರುತ್ತಿದ್ದೆ. ಎದುರಿಗೇ ಉಪವಾಸ ಮಾಡಿದರೆ ಹೊನ್ನಿ ಉಣ್ಣುವವಳಲ್ಲ. ಅವಳ ಸ್ವಭಾವ ನಲವತ್ತು ವರ್ಷದಿಂದ ಕಂಡಿದ್ದೇನೆ.

ಹದಿನೈದು ದಿನ ಕಳೆಯಿತು. ಮುಳ್ಳು ಕದಲಲಿಲ್ಲ. ನನ್ನದು ಅರವತ್ಮೂರರ ಗೆರೆಯ ಮೇಲೆ, ಅವಳದು ನಲವತ್ತೊಂದರ ಗೆರೆಯ ಮೇಲೆ. ನನಗೆ ಬಾಗಿ ಎದ್ದರೆ ಕಣ್ಣು ಕತ್ತಲೆ ಬರುತ್ತಿತ್ತು. ಹೊನ್ನಿಯೂ ಬಾಗಿಲು ಹಿಡಿದುಕೊಂಡು ನಡೆಯುತ್ತಿದ್ದಳು. ಅದು ಕಲ್ಲಿನ ದೆಸೆಯಿಂದ ಅಂದುಕೊಂಡೆ.

"ಮಿಷೀನು ಕೆಟ್ಟೈತೆ" ಅಂದೆ ನಾನು.

"ಕೆಟ್ಟಿರ್ಬೇಕು" ಅಂದಳು ಅವಳೂ, ತಕ್ಷಣ. ಅಷ್ಟು ಬೇಗ ಅವಳು ನನ್ನ ಮಾತನ್ನು ಒಪ್ಪಿದ್ದು ಅದೇ ಮೊದಲು. ನಾನು ಆಗಲೇ ಅನುಮಾನಿಸಬೇಕಿತ್ತು.

ಪಾತ್ರೆ ಅಂಗಡಿಯ ನಂಜುಂಡಶೆಟ್ಟರ ಹತ್ತಿರ ಎರಡು ಬಗೆಯ ಮಿಷೀನುಗಳಿದ್ದವು. ಒಂದು ಹಳೆಯ ಥರದ್ದು, ದುಂಡನೆ ಗಾಜಿನೊಳಗೆ ಮುಳ್ಳು ತಿರುಗುವುದು. ಇನ್ನೊಂದು ಕನ್ನಡಿಯಂತಹ ಹಲಗೆ, ಕಾಲಿಟ್ಟರೆ ಕೆಂಪು ಅಂಕಿ ಮೂಡುವುದು. ಶೆಟ್ಟರು ಆಪರೇಷನ್ನಿನ ವಿಷಯ ಕೇಳಿಕೊಂಡು ಎರಡನ್ನೂ ನೆಲದ ಮೇಲೆ ಜೋಡಿಸಿದರು.

"ನೋಡಿ ತಾಯಿ, ಮನೇಲಿ ಅತ್ತೆ ಸೊಸೆ ಇದ್ದರೆ ನಾನು ಮುಳ್ಳಿಂದೇ ಕೊಡೋದು. ಇದಕ್ಕೆ ದಾಕ್ಷಿಣ್ಯ ಜಾಸ್ತಿ. ಕಾಲು ಕಿಲೋ ಆಚೆ ಈಚೆ ಆದರೆ ಹೊಟ್ಟೇಲಿ ಹಾಕ್ಕೊಂಡು ಸುಮ್ಮನಿರುತ್ತೆ. ಈ ಡಿಜಿಟಲ್‌ದು ಇದೆಯಲ್ಲ, ಯಾರು ಯಾವಾಗ ಡಬ್ಬಿ ಮುಚ್ಚಳ ತೆಗೆದರು ಅನ್ನೋದನ್ನೂ ಹೇಳಿಬಿಡುತ್ತೆ. ಹೋದ ತಿಂಗಳು ಇದನ್ನ ತಗೊಂಡು ಹೋದ ಎರಡು ಮನೇಲಿ ಅಣ್ಣತಮ್ಮ ಒಲೆ ಬೇರೆ ಮಾಡಿದರು."

"ನಮಗೆ ನಂಬರಿಂದೇ ಬೇಕು" ಅಂದೆ. ನಾನು ಕಷ್ಟಪಟ್ಟು ಕಲಿತ ಅಂಕಿಗಳು. ಚುಕ್ಕಿಯ ಆಚೆಯ ಅಂಕಿ ಏನೆಂದೂ ನನಗೆ ತಿಳಿಯುತ್ತಿತ್ತು. ಹೊನ್ನಿಯ ಮೈಯಲ್ಲಿ ಕೂಡುವ ಒಂದೊಂದು ಚಿಟಿಕೆಯನ್ನೂ ನೋಡಬೇಕು ಎಂಬ ಆಸೆಯಿತ್ತು.

"ಮುಳ್ಳಿಂದು" ಅಂದಳು ಹೊನ್ನಿ.

"ಯಾಕೆ?"

"ಮುಳ್ಳು ಎಲ್ಲೈತೆ ಅಂತ ನಂಗೂ ಕಾಣ್ತದೆ. ಆ ಕೆಂಪುದು ನಿಂಗೊಬ್ಳಿಗೇ ಕಾಣಾದು. ನನ್ನ ಮೈ ಎಷ್ಟೈತೆ ಅಂತ ನಿನ್ನ ಬಾಯಿಂದ ಕೇಳ್ಬೇಕಾ ನಾನು? ನೀನು ಸುಳ್ಳು ಹೇಳೋಳು."

"ನಾನು ಯಾವಾಗ ಸುಳ್ಳು ಹೇಳ್ದೆ?"

"ನಾನು ಮದುವೆಯಾಗಿ ಬಂದ ವರ್ಷ ಮಾಡಿದ ಸಾರು ಚೆನ್ನಾಗೈತೆ ಅಂದಿದ್ದೆ."

ಶೆಟ್ಟರು ನಕ್ಕು ಎರಡನ್ನೂ ಕಟ್ಟಿಸಿದರು. ಅಂಗಡಿಯಲ್ಲಿ ಜಗಳ ಬೇಡವೆಂದು ಅವರು ಎಲ್ಲರಿಗೂ ಮಾಡುವುದೇ ಹಾಗೆ. ಎರಡನ್ನೂ ಮನೆಗೆ ಕೊಟ್ಟು ಕಳಿಸುತ್ತಾರೆ. ಬೇಡವಾದದ್ದು ವಾಪಸು ಬರಬೇಕು. "ಆಪರೇಷನ್ ಆಗಲಿ, ಆಮೇಲೆ ನಿಧಾನಕ್ಕೆ ಯೋಚನೆ ಮಾಡಿ ಒಂದು ತಂದುಕೊಡಿ" ಅಂದರು.

ಬಚ್ಚಲಿನಲ್ಲಿ ಹಂಡೆಯ ಪಕ್ಕಕ್ಕೆ ಅವಳ ಮುಳ್ಳಿನದು, ಬಾಗಿಲ ಪಕ್ಕಕ್ಕೆ ನನ್ನ ನಂಬರಿನದು. ಮುಳ್ಳು ಹೊಸದಾದರೂ ಹಳೆಯದು ಹೇಳಿದ್ದನ್ನೇ ಹೇಳಿತು. ನಂಬರಿನದು ಮಾತ್ರ ಬೇರೆ ಏನೋ ಹೇಳತೊಡಗಿತು. ನಾನು ದಿನಕ್ಕೆ ನಾಲ್ಕು ಸಲ ಹತ್ತಿ ಕ್ಯಾಲೆಂಡರಿನ ಹಿಂದೆ ಬರೆದುಕೊಳ್ಳುತ್ತಿದ್ದೆ. ರೊಟ್ಟಿ ಬಿಟ್ಟ ಬೆಳಿಗ್ಗೆ ನಾನು ಅರವತ್ತೆರಡು ಚುಕ್ಕಿ ಎಂಟಕ್ಕೆ ಇಳಿಯುತ್ತಿದ್ದೆ. ಸಂತೋಷವಾಗುತ್ತಿತ್ತು. ಮಧ್ಯಾಹ್ನದ ಊಟವಾದ ಮೇಲೆ ನೋಡಿದರೆ ಮತ್ತೆ ಅರವತ್ಮೂರು. ಒಂದು ತುತ್ತು ಅನ್ನಕ್ಕೆ ಇಷ್ಟು ಏರುವುದುಂಟೇ? ಸಂಜೆಯೂ ಹಾಗೆಯೇ, ಇಳಿದದ್ದು ತಿರುಗಿ ಬಂದು ನನ್ನ ಮೇಲೆಯೇ ಕೂರುತ್ತಿತ್ತು. ಒಂಬತ್ತು ದಿನದ ಅಂಕಿಗಳನ್ನು ಸಾಲಾಗಿ ಇಟ್ಟು ನೋಡಿದೆ. ಯಾರೋ ನಾನು ಇಳಿಸಿದ್ದನ್ನೆಲ್ಲ ಎತ್ತಿ ನನಗೇ ವಾಪಸು ಕೊಡುತ್ತಿದ್ದರು. ಮನೆಯಲ್ಲಿ ಇದ್ದದ್ದು ಇನ್ನೊಬ್ಬಳೇ. ಆದರೂ ನನ್ನ ಬುದ್ಧಿ ಅಲ್ಲಿಗೆ ಹೋಗಲಿಲ್ಲ. ಮಿಷೀನಿನ ಬ್ಯಾಟರಿ ತೆಗೆದು ಒರೆಸಿ ಹಾಕಿದೆ.

ಹತ್ತನೆಯ ದಿನ ಲಕ್ಕಮ್ಮ ಬಂದಳು. ಸೊಂಟಕ್ಕೆ ಕೈ ಕೊಟ್ಟುಕೊಂಡು ಅಂಗಳದಲ್ಲೇ ನಿಂತಳು. ನಾನೂ ಹೊನ್ನಿಯೂ ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದೆವು.

"ನಿಮ್ಮಿಬ್ರಿಗೂ ಏನಾದ್ರೂ ಐತಾ? ನಮ್ಮ ಯಜಮಾನ್ರು ಐದು ಕಿಲೋ ಇಳಿದವ್ರೆ. ಚಡ್ಡಿ ನಿಲ್ತಿಲ್ಲ, ಉಡಿದಾರಕ್ಕೆ ಕಟ್ಕಂಡು ಓಡಾಡ್ತವ್ರೆ. ನನ್ನ ಬಳೆ ನೋಡಿ, ಮೊಣಕೈಗಂಟ ಏರ್ತವೆ. ಎಮ್ಮೆ ಮಾತ್ರ ಬಾಗಿಲಾಗೆ ತೂರ್ತಿಲ್ಲ!"

ನಮ್ಮ ಊರಿನಲ್ಲಿ ತಿಳಿದವರು ಕೊಟ್ಟಿಗೆಯನ್ನು ಮನೆಯಿಂದ ದೂರ ಕಟ್ಟುತ್ತಾರೆ. ಲಕ್ಕಮ್ಮನ ಗಂಡ ಸೋಮಾರಿ. ಮನೆಯ ಶೀಟನ್ನೇ ನಾಲ್ಕು ಅಡಿ ಮುಂದಕ್ಕೆ ಎಳೆದು ಅದರಡಿ ಎಮ್ಮೆ ಕಟ್ಟಿದ್ದ. ಹಾಗಾಗಿ ಎಮ್ಮೆಯೂ ಅವರ ಸೂರಿನ ಲೆಕ್ಕಕ್ಕೇ ಸೇರಿತ್ತು.

"ಎಮ್ಮೆ ದಪ್ಪ ಆದ್ರೆ ನಾವೇನೇ ಮಾಡಾಣ?" ಅಂದೆ, ತಲೆ ಎತ್ತದೆ.

"ಏನು ಮಾಡಾಣವಾ? ದೊಡ್ಡಮ್ಮ, ನೀವು ಬೆಳಿಗ್ಗೆ ಬಂದು ರೊಟ್ಟಿ ಹಾಕ್ತೀರಿ. ನಮ್ಮ ಮಾವ ನೋಡವ್ರೆ. ಮಧ್ಯಾಹ್ನಕ್ಕೆ ಸಣ್ಣಮ್ಮ ಬಂದು ತುಪ್ಪ ಸವರಿದ ಮುದ್ದೆ ಹಾಕ್ತಾರೆ. ಸಂಜೆಗೆ ಕಡಲೆಬೀಜದ ಉಂಡೆ! ನಾನು ಹುಟ್ಟಿದಾಗಿಂದ ಅಷ್ಟು ಉಂಡೆ ಕಂಡಿಲ್ಲ. ಕೊಡೋದಾದ್ರೆ ನಂಗೆ ಕೊಡಿ, ಎಮ್ಮೆಗಲ್ಲ!"

ಅವಳು ಹೋದಮೇಲೂ ನಾವಿಬ್ಬರೂ ಮೊರವನ್ನೇ ನೋಡುತ್ತಿದ್ದೆವು. ಹೊನ್ನಿ ಒಂದು ಕಲ್ಲು ಆರಿಸಿ ಆಚೆಗೆ ಎಸೆದಳು.

"ಯಾಕೆ?" ಎಂದು ಕೇಳಿದೆ.

"ನೀನು ಯಾಕೆ?"

"ನೀನು ಏರ್ಲಿ ಅಂತ."

"ನಾನೂ ಹಂಗೇ. ನಾನು ಇಳೀಲಿ ಅಂತ" ಅಂದಳು.

ನನಗೆ ಕೋಪ ಬಂತು. ನನಗೆ ಕೋಪ ಬರುವುದು ಅಪರೂಪ. ಬಂದರೆ ಮಾತು ಮೆತ್ತಗಾಗುತ್ತದೆ. "ಹೊನ್ನಿ, ನಿನಗೆ ಬದುಕೋ ಮನಸ್ಸಿಲ್ವಾ?" ಅಂದೆ.

ಅವಳು ಮೊರ ಕೆಳಗಿಟ್ಟು, ನನ್ನ ಮಂಡಿಯ ಮೇಲೆ ಕೈ ಇಟ್ಟಳು. "ಹೊಟ್ಟೆ ಕುಯ್ದ ಮೇಲೆ ನಾನು ಎದ್ದು ಬತ್ತೀನಿ ಅಂತ ಯಾರು ಕಂಡವ್ರೆ ಅಕ್ಕಯ್ಯ? ಕುಯ್ಯದಿದ್ರೂ ಹೋಗಾದೇ. ಹೋದಾಗ ನಂದು ಪೂರ್ತಿ ನಿನ್ನ ಮೇಲೇ ಬೀಳ್ತದೆ, ಹಂಚ್ಕಳಾಕೆ ಇನ್ಯಾರು ಅವ್ರೆ? ಭಾವ ಹೋದಾಗ ನಾನಿದ್ದೆ, ಮೂವತ್ತು ನಾನು ಹೊತ್ಕಂಡೆ. ಈಗ ಒಂದೇ ಸಲಕ್ಕೆ ನಲವತ್ತು ಕಿಲೋ ಬಿದ್ರೆ ಈ ಮಂಡಿ ತಡ್ಕಂತದಾ? ಬಚ್ಚಲಾಗೆ ಕುಸಿದು ಬಿದ್ರೆ ಎತ್ತೋರು ಯಾರು? ಅದ್ಕೇ ದಿನಾ ಚೂರು ಚೂರು ಕೊಡಾಣ ಅಂತ. ಕೊಡ್ತಾ ಕೊಡ್ತಾ ಮಂಡಿಗೂ ರೂಢಿ ಆಗ್ತದೆ. ಕೊನೆಗೆ ನಂದು ಅಂತ ಉಳಿಯಾದು ಒಂದಿಷ್ಟು. ಅದು ಬಂದಾಗ ನಿಂಗೆ ಗೊತ್ತೂ ಆಗಾದಿಲ್ಲ."

ನಾನು ಎದ್ದು ಒಳಗೆ ಹೋಗಿ ಹುಣಸೆಬೀಜದ ಡಬ್ಬಿ ತಂದೆ. ರಾತ್ರಿಶಾಲೆಯಲ್ಲಿ ನನಗೆ ಲೆಕ್ಕ ಹೇಳಿಕೊಟ್ಟದ್ದು ಅದರಲ್ಲೇ. ನೆಲದ ಮೇಲೆ ನಲವತ್ತೊಂದು ಬೀಜದ ಗುಡ್ಡೆ ಒಂದು, ಅರವತ್ಮೂರರದು ಒಂದು ಮಾಡಿದೆ. "ಇದು ನೀನು, ಇದು ನಾನು" ಅಂದೆ. ಅವಳ ಗುಡ್ಡೆಯಿಂದ ಒಂದೊಂದೇ ಬೀಜವನ್ನು ನನ್ನದಕ್ಕೆ ತಳ್ಳಿ, ಎಣಿಸಿ ತೋರಿಸಿದೆ. ನೂರಾ ನಾಲ್ಕು. ಮತ್ತೆ ಬೇರೆ ಮಾಡಿ, ಈ ಸಲ ಇಡೀ ಗುಡ್ಡೆಯನ್ನು ಅಂಗೈಯಲ್ಲಿ ಒಂದೇ ಸಾರಿ ನೂಕಿದೆ. ಎಣಿಸಿದೆ. ನೂರಾ ನಾಲ್ಕು. "ಚೂರು ಚೂರು ಕೊಟ್ರೂ ಅಷ್ಟೇ, ಒಂದೇ ಸಲ ಕೊಟ್ರೂ ಅಷ್ಟೇ. ನೀನು ಹೋದ್ರೆ ನನ್ನ ಮೇಲಿರೋದು ನೂರಾ ನಾಲ್ಕೇ. ನೀನು ಹಸಿದು ಸತ್ತು ನನಗೇನೂ ಹಗುರ ಮಾಡ್ತಿಲ್ಲ."

ಹೊನ್ನಿ ಬೀಜಗಳನ್ನು ಬಹಳ ಹೊತ್ತು ನೋಡಿದಳು. "ಲೆಕ್ಕ ನಿಂಗೆ ಗೊತ್ತು. ಮಂಡಿ ನಂಗೆ ಗೊತ್ತು. ವರ್ಷಗಟ್ಟಲೆ ಎಣ್ಣೆ ತಿಕ್ಕಿದ ಕೈ ಇದು" ಅಂದಳು.

ಆಗ ಯಾರಿಗೂ ಹೇಳದಿದ್ದ ಒಂದು ಮಾತನ್ನು ಹೇಳಿದೆ.

"ಆ ವರ್ಷ ಮಂಡಿ ನೋವು ಅಂತ ನಾನು ಒಂದು ದಿನ ಅತ್ತದ್ದು ನೋಡಿದೀಯಾ?"

"ಅಂಥಾ ನೋವಾಗೆ ಅಳ್ಲಿಲ್ಲ ನೀನು. ವರ್ಷ ತುಂಬಿ ತೂಕ ಹೋದ ದಿನ ಅತ್ತೆ. ಬಚ್ಚಲಾಗೆ ಬಾಗಿಲು ಹಾಕ್ಕಂಡು. ಹಗುರಾಯ್ತು ಅಂತ."

"ಹಗುರಾಯ್ತು ಅಂತಲ್ಲ ಕಣೇ. ಹತ್ತಿ ನಿಂತೆ, ಮುಳ್ಳು ನಂದಷ್ಟನ್ನೇ ತೋರಿಸ್ತು. ಅವರು ಇರಲಿಲ್ಲ. ಹಿಂದಿನ ದಿನದವರೆಗೂ ಇದ್ರು." ಬೀಜಗಳನ್ನು ಎಣಿಸಿ ಮತ್ತೆ ಅವಳ ಗುಡ್ಡೆ, ನನ್ನ ಗುಡ್ಡೆ ಬೇರೆ ಮಾಡಿದೆ. "ನಿಂದು ಯಾವತ್ತಾದ್ರೂ ಬಂದ್ರೆ ನಾನು ಹೊರ್ತೀನಿ. ಕುಸಿದ್ರೆ ಕೂತ್ಕೊಂಡು ಹೊರ್ತೀನಿ. ಅದು ನನ್ನ ಪಾಲು, ಅದರಲ್ಲಿ ನೀನು ಬಾಯಿ ಹಾಕ್ಬೇಡ. ಆದ್ರೆ ನೀನು ಇನ್ನೂ ಇರೋವಾಗಲೇ ನಿನ್ನನ್ನ ನನ್ನ ಮೇಲೆ ಹೇರ್ಬೇಡ. ನನಗೆ ನೀನು ಎದುರಿಗೆ ಬೇಕು."

ಹೊನ್ನಿಯ ತೋರುಬೆರಳು ನನ್ನ ಗುಡ್ಡೆಯ ಅಂಚಿಗೆ ಬಂತು. ಒಂದು ಬೀಜವನ್ನು ಎಳೆದು ತನ್ನ ಕಡೆಗೆ ತಂದಳು. ಇನ್ನೊಂದು. ಮತ್ತೊಂದು.

"ನಾಕಲ್ವಾ ಡಾಕ್ಟ್ರಮ್ಮ ಹೇಳಿದ್ದು?"

"ಹೂಂ. ನಾಲ್ಕು."

ನಾಲ್ಕನೆಯದನ್ನೂ ಎಳೆದುಕೊಂಡಳು. "ಬಡಿಸು ಹಂಗಾರೆ. ಎಮ್ಮೆ ಕಾಯ್ತಾ ಇದ್ರೆ ಕಾಯ್ಲಿ" ಅಂದಳು.

ಆಮೇಲೆ ಕೆಲಸ ಸಲೀಸಾಯಿತು ಎಂದು ಹೇಳಲಾರೆ. ಬೇಡ ಎನ್ನುವ ಹೊಟ್ಟೆಗೆ ಉಣ್ಣಿಸುವುದು ಸುಲಭವಲ್ಲ. ತುಪ್ಪ ಹಾಕಿದ ದಿನವೇ ನೋವು ಬರುತ್ತಿತ್ತು ಎಂದು ಆಗ ಬಾಯಿಬಿಟ್ಟಳು. ತುಪ್ಪ ನಿಲ್ಲಿಸಿ, ಗಂಜಿ, ಬಾಳೆಹಣ್ಣು, ಬೇಯಿಸಿದ ಗೆಣಸು ಎಂದು ದಿನಕ್ಕೆ ಆರು ಸಲ ಸ್ವಲ್ಪ ಸ್ವಲ್ಪ ಕೊಟ್ಟೆ. ನಾನು ಅವಳ ಎದುರಿಗೇ ಒಂದು ಹೊತ್ತು ಬಿಟ್ಟೆ. ಅವಳು ಬೈದುಕೊಂಡು ಉಂಡಳು. ನನ್ನ ಮಾತಿನ ಮೇಲೆ ನಂಬಿಕೆ ಇಲ್ಲದ್ದಕ್ಕೆ ನಂಬರು ತಾನೇ ಓದುತ್ತೇನೆಂದು ಹಟ ಹಿಡಿದಳು. ಕಲಿಸಿದೆ. ನಾಲ್ಕು ತಲೆಕೆಳಗಾದ ಕುರ್ಚಿಯಂತೆ, ಐದು ಟೋಪಿ ಹಾಕಿದ ಕುಡುಗೋಲಿನಂತೆ, ಒಂಬತ್ತು ಬಾಲ ಬಿಟ್ಟ ಸೊನ್ನೆಯಂತೆ. ನನಗೆ ತಿಂಗಳುಗಟ್ಟಲೆ ಹಿಡಿದದ್ದು ಅವಳಿಗೆ ಒಂದು ವಾರದಲ್ಲಿ ಬಂತು. ಸ್ವಲ್ಪ ಹೊಟ್ಟೆ ಉರಿಯಿತು. ವೈಶಾಖ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಬಚ್ಚಲಿನಿಂದ ಕೂಗಿದಳು: "ಕುರ್ಚಿ, ಕುಡುಗೋಲು, ಚುಕ್ಕಿ, ಸೊನ್ನೆ!" ಒದ್ದೆ ಕೈಯಲ್ಲೇ ಓಡಿ ಹೋಗಿ ನೋಡಿದೆ. ನಲವತ್ತೈದು. ಅವಳನ್ನು ಇಳಿಸಿ ನಾನು ಹತ್ತಿದೆ. ಐವತ್ತೊಂಬತ್ತು ಚುಕ್ಕಿ ಸೊನ್ನೆ.

ನಮ್ಮ ಆಸ್ಪತ್ರೆಯಲ್ಲಿ ಆಪರೇಷನ್ ಕೋಣೆಗಳ ಮುಂದಿನ ಓಣಿಯಲ್ಲಿ ಎರಡು ಮಿಷೀನುಗಳನ್ನು ಇಟ್ಟಿದ್ದಾರೆ, ಒಂದು ಮುಳ್ಳಿನದು, ಒಂದು ನಂಬರಿನದು. ಒಳಗೆ ಹೋದವರ ಮನೆಯವರು ಹೊರಗೆ ಅವುಗಳ ಮೇಲೆ ನಿಲ್ಲುತ್ತಾರೆ. ಬಾಗಿಲು ತಟ್ಟಿ ಹೇಗಿದ್ದಾರೆ ಎಂದು ಕೇಳುವ ಪದ್ಧತಿ ನಮ್ಮಲ್ಲಿಲ್ಲ. ಒಳಗಿನ ಸುದ್ದಿ ಕಾಲಿಗೆ ಮೊದಲು ತಿಳಿಯುತ್ತದೆ.

ಹೊನ್ನಿಯನ್ನು ಆಪರೇಷನ್ನಿಗೆ ಒಳಗೆ ಕರೆದುಕೊಂಡು ಹೋದ ದಿನ ನಂಬರಿನದರ ಮೇಲೆ ಆಗಲೇ ಒಬ್ಬ ನಿಂತಿದ್ದ. ಚಿಕ್ಕಬೋರ ಎಂದು ಹೆಸರು, ಅವನ ಅಣ್ಣ ಪಕ್ಕದ ಕೋಣೆಯಲ್ಲಿದ್ದ. ಅಂಕಿ ಒಂದು ಚುಕ್ಕಿ ಏರಿದರೆ "ಅಯ್ಯೋ, ಹೋದ!" ಎಂದು ಎದೆ ಹಿಡಿದುಕೊಳ್ಳುವನು, ಇಳಿದರೆ "ಇಲ್ಲ, ಅವ್ನೆ, ಅವ್ನೆ" ಎಂದು ಬೆವರು ಒರೆಸುವನು. ನನ್ನನ್ನು ನೋಡಿ, "ಬನ್ನಿ ಅಜ್ಜಿ, ನಿಮಗೆ ಬೇಕಾ ಇದು? ಬಿಟ್ಕೊಡ್ತೀನಿ. ನಂಗೆ ತಡೆಯಾಕಾಗ್ತಿಲ್ಲ" ಅಂದ.

ಅಂಗಡಿಯಲ್ಲಿ ನಂಬರಿನದೇ ಬೇಕು ಅಂದವಳು ನಾನು. ಆದರೆ ಅವತ್ತು ಚುಕ್ಕಿಯ ಆಚೆ ನಡೆಯುವುದನ್ನು ನೋಡುವ ಧೈರ್ಯ ನನಗಿರಲಿಲ್ಲ. ಹೊನ್ನಿ ಬರುವುದೇ ಆದರೆ ನಲವತ್ತೈದು ಕಿಲೋ ಒಟ್ಟಿಗೇ ಬರಲಿ, ಚೂರು ಚೂರಾಗಿ ಬೇಡ. "ಬೇಡಪ್ಪ, ನೀನೇ ಇರು" ಎಂದು ಮುಳ್ಳಿನದರ ಮೇಲೆ ಹತ್ತಿದೆ. ಮುಳ್ಳು ಐವತ್ತೊಂಬತ್ತಕ್ಕೆ ಬಂದು ನಿಂತಿತು. ಕೂತ್ಕೊಳಿ ಅಜ್ಜಿ ಎಂದು ನರ್ಸು ಎರಡು ಸಲ ಹೇಳಿದಳು. ಮಂಡಿ ನಡುಗುತ್ತಿತ್ತು, ಅದರ ಜೊತೆಗೆ ಮುಳ್ಳೂ ನಡುಗುತ್ತಿತ್ತು. ಗೋಡೆಗೆ ಕೈ ಕೊಟ್ಟರೆ ತೂಕ ತಪ್ಪುತ್ತದೆಂದು ಕೈ ಕೊಡಲಿಲ್ಲ. ಒಂದೂವರೆ ಗಂಟೆ ಆ ಮುಳ್ಳನ್ನು ನೋಡಿದೆ. ನನ್ನ ತೂಕ ನನ್ನಷ್ಟೇ ಇರಲಿ ಎಂದು ಅಷ್ಟು ಆಸೆಪಟ್ಟದ್ದು ಹಿಂದೆಂದೂ ಇಲ್ಲ.

ಬಾಗಿಲು ತೆರೆದು ಡಾಕ್ಟರಮ್ಮ ಬಂದಾಗಲೂ ಮುಳ್ಳು ಅಲ್ಲಿಯೇ ಇತ್ತು. ಅವರು ಬಾಯಿ ತೆರೆಯುವ ಮೊದಲೇ ನನಗೆ ಗೊತ್ತಿತ್ತು. ಆದರೆ ಮಿಷೀನಿನಿಂದ ಇಳಿಯಲು ಆಗಲಿಲ್ಲ. ಮಂಡಿ ಹಿಡಿದುಕೊಂಡಿತ್ತು. ಡಾಕ್ಟರಮ್ಮ ಒಂದು ಕಡೆ, ಚಿಕ್ಕಬೋರ ಒಂದು ಕಡೆ ಹಿಡಿದು ನನ್ನನ್ನು ಇಳಿಸಿದರು. ಅವನ ಅಣ್ಣನೂ ಉಳಿದ. ಆ ಸಂತೋಷಕ್ಕೆ ಚಿಕ್ಕಬೋರ ನನಗೆ ಕ್ಯಾಂಟೀನಿನಿಂದ ಎರಡು ಬನ್ನು ತಂದುಕೊಟ್ಟ. ಎರಡನ್ನೂ ತಿಂದೆ.

ಮೂರನೆಯ ದಿನ ಹೊನ್ನಿಯನ್ನು ಓಣಿಯಲ್ಲಿ ನಡೆಸಬೇಕೆಂದು ಹೇಳಿದರು. ಒಂದು ಕೈ ಹೊಟ್ಟೆಯ ಮೇಲೆ, ಒಂದು ಕೈ ನನ್ನ ಹೆಗಲ ಮೇಲೆ ಇಟ್ಟು ನಡೆದವಳು ಆ ಎರಡು ಮಿಷೀನುಗಳ ಮುಂದೆ ನಿಂತಳು. "ಹತ್ತು" ಅಂದಳು ನನಗೆ, ನಂಬರಿನದನ್ನು ತೋರಿಸಿ. ಹತ್ತಿದೆ. ಅವಳು ನನ್ನ ಹೆಗಲಿನ ಕೈ ತೆಗೆದು ಗೋಡೆಗೆ ಕೊಟ್ಟು, ಬಾಗಲಾರದೆ ಕತ್ತು ಚಾಚಿ ಓದಿದಳು. "ಕುಡುಗೋಲು, ಬಾಲದ ಸೊನ್ನೆ, ಚುಕ್ಕಿ... ಕಡ್ಡಿ. ಅವತ್ತು ಸೊನ್ನೆ ಇತ್ತು. ಕಡ್ಡಿ ಯಾಕೆ ಬಂತು?"

"ನೂರು ಗ್ರಾಂ ಜಾಸ್ತಿ" ಅಂದೆ.

"ಎಲ್ಲಿಂದ?" ಎಂದು ಕೇಳಿ ತಾನೇ ಯೋಚಿಸಿದಳು. ಆಮೇಲೆ ಅವಳ ಮುಖ ಅರಳಿತು. "ನನ್ನ ಹೊಟ್ಟೆ ಕಲ್ಲು! ತೆಗೆದ್ರಲ್ಲ. ನನ್ನಿಂದ ಹೋದದ್ದು ಎಲ್ಲಿಗೆ ಹೋಗ್ತದೆ? ನಿಂಗೇ ಬಂತು!"

ಬನ್ನುಗಳ ವಿಷಯ ನಾನು ಹೇಳಲಿಲ್ಲ.

ಹೊನ್ನಿ ಹೊಲಿಗೆ ಹಿಡಿದುಕೊಂಡು, ನೋವು ತಿನ್ನುತ್ತ, ನಿಂತಲ್ಲೇ ನಗತೊಡಗಿದಳು. ನಂತರ ಮುಳ್ಳಿನ ಮಿಷೀನನ್ನು ಕಾಲಿನಿಂದ ಮೆಲ್ಲಗೆ ತೋರಿಸಿದಳು. "ನಮ್ಮ ಮನೇದು ಇಂಥದ್ದನ್ನ ಶೆಟ್ರಿಗೆ ವಾಪಸ್ ಕೊಟ್ಬಿಡು. ಇದ್ರಾಗೆ ನಾನು ಕೊಟ್ಟಿದ್ದು ಕಾಣಾದಿಲ್ಲ."

"ಆಯ್ತು" ಅಂದೆ.

ನಾನು ಇಳಿದ ಮೇಲೆ ಅವಳು ಮತ್ತೆ ನನ್ನ ಹೆಗಲ ಮೇಲೆ ಕೈ ಇಟ್ಟು, ಭಾರ ಪೂರ್ತಿ ಬಿಡದೆ ಕೆಳಗೆ ನೋಡಿದಳು.

"ಮಂಡಿ ತಡ್ಕಂತಾ ಅಕ್ಕಯ್ಯ?"

"ತಡ್ಕಂತು ಕಣೇ. ನಡಿ, ಇನ್ನೊಂದು ಸುತ್ತು ಹಾಕಾಣ."